ವಿಪತ್ತಿನ ಹಿಂದಿನ ದಿನ: ಹೈಟಿ ದೇಶ ಕಲಿಸುವ ಪಾಠ



ಈ ಅಂಕಣದಲ್ಲಿ ನಾವು ಸಾಮಾನ್ಯವಾಗಿ ಅಡಿಕೆಯ ಕೊಳೆರೋಗ, ಕಾಳುಮೆಣಸಿನ ಸೊರಗು ರೋಗ, ಮಳೆಗಾಲದ ಜ್ವರ, ಮಕ್ಕಳ ಹೊಟ್ಟೆಹುಳು ಇಂಥ ವಿಷಯಗಳನ್ನೇ ಬರೆಯುತ್ತೇವೆ. ಈ ತಿಂಗಳು ಮಾತ್ರ ನಿಮ್ಮನ್ನು ಭೂಗೋಳದ ಆಚೆ ಮಗ್ಗುಲಿನ ಒಂದು ಬಡ ದೇಶಕ್ಕೆ ಕರೆದುಕೊಂಡು ಹೋಗುತ್ತಿದ್ದೇವೆ. ಅದಕ್ಕೆ ಕಾರಣವಿದೆ.

2024ರ ಜುಲೈ 30ರ ನಸುಕಿನಲ್ಲಿ ವಯನಾಡಿನ ಮುಂಡಕ್ಕೈ ಮತ್ತು ಚೂರಲ್‌ಮಲ ಗ್ರಾಮಗಳ ಮೇಲೆ ಗುಡ್ಡ ಜರಿದು ಇನ್ನೂರೈವತ್ತಕ್ಕೂ ಹೆಚ್ಚು ಮಂದಿ ತೀರಿಕೊಂಡರು. ಆ ವಾರ ಪೂಜೆ ಮುಗಿಸಿ ಹೊರಬಂದ ನಮ್ಮನ್ನು ಒಬ್ಬ ಹಿರಿಯ ತಾಯಿ ಮೆಟ್ಟಿಲ ಬಳಿ ತಡೆದು ಕೇಳಿದರು: "ಫಾದರ್, ಇದು ದೇವರು ಕೊಟ್ಟ ಶಿಕ್ಷೆಯಾ?" ಅಲ್ಲವೆಂದು ಎರಡು ಮಾತಿನಲ್ಲಿ ಹೇಳಿ ಕಳಿಸಿದೆವು. ಆದರೆ ಕೊಟ್ಟ ಉತ್ತರ ನಮಗೇ ಸಾಕೆನಿಸಲಿಲ್ಲ.

2010ರಲ್ಲಿ ಹೈಟಿಯಲ್ಲಿ ಭೂಕಂಪವಾದಾಗಲೂ ಇದೇ ಮಾತು ಕೇಳಿಬಂದಿತ್ತು. ಆ ದೇಶದವರು ಹಿಂದೆ ಸೈತಾನನೊಡನೆ ಮಾಡಿಕೊಂಡ ಒಪ್ಪಂದದ ಫಲ ಇದು ಎಂದು ಅಮೆರಿಕದ ಒಬ್ಬ ಪ್ರಸಿದ್ಧ ಟಿ.ವಿ. ಬೋಧಕರು ಹೇಳಿ ಎಲ್ಲರ ಟೀಕೆಗೆ ಗುರಿಯಾದರು. ಸಿಲೋವಾಮಿನ ಗೋಪುರ ಬಿದ್ದು ಸತ್ತ ಹದಿನೆಂಟು ಮಂದಿ ಉಳಿದವರಿಗಿಂತ ಹೆಚ್ಚಿನ ಪಾಪಿಗಳಲ್ಲ ಎಂಬುದನ್ನು ಶುಭಸಂದೇಶ ಓದಿದವರೆಲ್ಲ ಬಲ್ಲರು. ಹಾಗಾದರೆ ಗೋಪುರ ಏಕೆ ಬಿತ್ತು? ಯಾರು ಕಟ್ಟಿದ್ದರು, ಹೇಗೆ ಕಟ್ಟಿದ್ದರು? ಈ ಪ್ರಶ್ನೆಯನ್ನು ಹಿಡಿದುಕೊಂಡು ಹೈಟಿಗೆ ಹೋಗೋಣ. ವಿಪತ್ತಿನ ದಿನವನ್ನು ಎಲ್ಲರೂ ನೋಡುತ್ತಾರೆ. ನಾವು ಅದರ ಹಿಂದಿನ ದಿನವನ್ನು ನೋಡೋಣ.

ಬೆಟ್ಟಗಳ ನಾಡು

ಕೆರಿಬಿಯನ್ ಸಮುದ್ರದಲ್ಲಿ ಹಿಸ್ಪಾನಿಯೋಲ ಎಂಬ ದೊಡ್ಡ ದ್ವೀಪವಿದೆ. ಅದರ ಪೂರ್ವ ಭಾಗ ಡೊಮಿನಿಕನ್ ಗಣರಾಜ್ಯ, ಪಶ್ಚಿಮದ ಸುಮಾರು ಮೂರನೇ ಒಂದು ಭಾಗ ಹೈಟಿ. ವಿಸ್ತೀರ್ಣ 27,750 ಚದರ ಕಿಲೋಮೀಟರ್, ಅಂದರೆ ಕೇರಳಕ್ಕಿಂತಲೂ ಚಿಕ್ಕದು. ಜನಸಂಖ್ಯೆ ಒಂದು ಕೋಟಿ ಹತ್ತು ಲಕ್ಷಕ್ಕೂ ಹೆಚ್ಚು. 'ಹೈಟಿ' ಎಂಬುದು ಅಲ್ಲಿಯ ಮೂಲನಿವಾಸಿಗಳ ಮಾತು. ಎತ್ತರದ ಬೆಟ್ಟಗಳ ನಾಡು ಎಂದು ಅದರ ಅರ್ಥ. ಬೆಟ್ಟದ ಹಿಂದೆ ಮತ್ತೆ ಬೆಟ್ಟ ಎಂಬುದು ಅವರ ಗಾದೆ. ಒಂದು ಕಷ್ಟ ದಾಟಿದರೆ ಇನ್ನೊಂದು ಕಾದಿರುತ್ತದೆ ಎಂದೂ ಅದನ್ನು ಹೇಳುವುದುಂಟು.

ಫ್ರೆಂಚರ ಆಳ್ವಿಕೆಯಲ್ಲಿ ಇದು ಕಬ್ಬು ಮತ್ತು ಕಾಫಿ ತೋಟಗಳ ಶ್ರೀಮಂತ ವಸಾಹತು. ತೋಟಗಳಲ್ಲಿ ದುಡಿಯುತ್ತಿದ್ದವರು ಆಫ್ರಿಕದಿಂದ ಹಿಡಿದು ತಂದ ಗುಲಾಮರು. 1791ರಲ್ಲಿ ದಂಗೆಯೆದ್ದ ಗುಲಾಮರು ಹೋರಾಡಿ ಗೆದ್ದು 1804ರ ಜನವರಿ 1ರಂದು ಸ್ವತಂತ್ರ ದೇಶವನ್ನು ಸ್ಥಾಪಿಸಿದರು. ಆ ಗೆಲುವಿಗೆ ಅವರು ತೆತ್ತ ಬೆಲೆ ದೊಡ್ಡದು. ಗುಲಾಮರ ಒಡೆಯರಿಗೆ ಆದ ನಷ್ಟವನ್ನು ತುಂಬಿಕೊಡಬೇಕೆಂದು 1825ರಲ್ಲಿ ಫ್ರಾನ್ಸ್ ಯುದ್ಧನೌಕೆಗಳನ್ನು ಕಳಿಸಿ 15 ಕೋಟಿ ಫ್ರಾಂಕ್ ದಂಡ ಹೇರಿತು. ಮುಂದೆ ಅದನ್ನು 9 ಕೋಟಿಗೆ ಇಳಿಸಿದರೂ, ದಂಡ ಕಟ್ಟಲು ಮಾಡಿದ ಸಾಲಗಳು ಪೂರ್ತಿ ತೀರುವಾಗ 1947 ಆಗಿತ್ತು. ಶಾಲೆ, ಆಸ್ಪತ್ರೆ, ಸೇತುವೆಗಳಿಗೆ ಹೋಗಬೇಕಾಗಿದ್ದ ಹಣ ನೂರಿಪ್ಪತ್ತು ವರ್ಷ ಸಾಲಗಾರರ ಪೆಟ್ಟಿಗೆಗೆ ಹೋಯಿತು. ಕಾಡಿನ ಬೆಲೆಬಾಳುವ ಮರಗಳು ಹಡಗು ಹತ್ತಿದವು. ಹೈಟಿಯ ಯಾವುದೇ ವಿಪತ್ತಿನ ಹಿಂದಿನ ದಿನ ಎಂದರೆ ಇಷ್ಟು ಉದ್ದದ ದಿನ ಎಂಬುದನ್ನು ನೆನಪಿಡಬೇಕು.

ಪ್ರತಿ ವರ್ಷ ಜೂನ್ 1ರಿಂದ ನವೆಂಬರ್ 30ರ ತನಕ ಅಲ್ಲಿ ಚಂಡಮಾರುತದ ಕಾಲ. ನೆಲದಡಿಯಲ್ಲಿ ಭೂಪದರದ ಬಿರುಕುಗಳು ಹಾದುಹೋಗಿವೆ. ಕೆಲವು ಪ್ರದೇಶಗಳಿಗೆ ಬರಗಾಲವೂ ತಪ್ಪಿದ್ದಲ್ಲ.

ಬೋಳು ಗುಡ್ಡದ ಕಥೆ

2004ರ ಸೆಪ್ಟೆಂಬರಿನಲ್ಲಿ 'ಜೀನ್' ಎಂಬ ಬಿರುಗಾಳಿ ಡೊಮಿನಿಕನ್ ಗಣರಾಜ್ಯದ ನೆಲದ ಮೇಲೆ ಹಾದು ಹೈಟಿಯ ಉತ್ತರ ಕರಾವಳಿಯ ಪಕ್ಕದಿಂದ ಹೋಯಿತು. ಗಾಳಿ ಹೈಟಿಯನ್ನು ನೇರವಾಗಿ ಹೊಡೆಯಲಿಲ್ಲ. ಮಳೆ ಮಾತ್ರ ಸುರಿಯಿತು. ಆದರೂ ಗೊನಾಯೀವ್ ಎಂಬ ಊರು ಮತ್ತು ಅದರ ಸುತ್ತಮುತ್ತ ಸುಮಾರು 3,000 ಮಂದಿ ಸತ್ತರು. ಗಾಳಿ ನೇರವಾಗಿ ಹಾದ ಡೊಮಿನಿಕನ್ ಗಣರಾಜ್ಯದಲ್ಲಿ ಸತ್ತವರು ಐವತ್ತಕ್ಕಿಂತ ಕಡಿಮೆ. ದ್ವೀಪ ಒಂದೇ, ಬಿರುಗಾಳಿಯೂ ಒಂದೇ. ವ್ಯತ್ಯಾಸ ಎಲ್ಲಿಂದ ಬಂತು?

ಗೊನಾಯೀವಿನ ಹಿಂದಿನ ಗುಡ್ಡಗಳು ಬೋಳಾಗಿದ್ದವು. ಮರದ ಬೇರು, ತರಗೆಲೆ, ಹುಲ್ಲು ಇದ್ದ ಗುಡ್ಡದಲ್ಲಿ ಮಳೆನೀರು ಇಂಗುತ್ತದೆ, ತಡೆತಡೆದು ಇಳಿಯುತ್ತದೆ. ಬೋಳು ಗುಡ್ಡದಲ್ಲಿ ಅದು ಒಮ್ಮೆಲೇ ಓಡಿ ಮಣ್ಣನ್ನೂ ಕಲ್ಲನ್ನೂ ಹೊತ್ತು ತರುತ್ತದೆ. ರಾತ್ರಿ ಮಲಗಿದವರ ಮನೆಗೆ ಕೆಸರು ನುಗ್ಗಿತು.

ಗುಡ್ಡ ಬೋಳಾದದ್ದು ಹೇಗೆ? ಬಡವರು ಮರ ಕಡಿದರು ಎಂದು ಹೇಳಿ ಮುಗಿಸುವುದು ಸುಲಭ. ಕಡಿದದ್ದು ನಿಜ. ಹೈಟಿಯಲ್ಲಿ ಬಹುತೇಕ ಅಡುಗೆ ನಡೆಯುವುದು ಇದ್ದಿಲು ಮತ್ತು ಸೌದೆಯಲ್ಲಿ. ಆದರೆ ಕಡಿಯುವ ಕೈಯನ್ನು ಹಿಂದಿನಿಂದ ತಳ್ಳಿದ್ದು ಏನು ಎಂಬುದನ್ನು ರೈತರಾದ ನೀವು ಬೇಗ ಅರ್ಥ ಮಾಡಿಕೊಳ್ಳುವಿರಿ.

ಹೈಟಿಯ ಹಳ್ಳಿಗರ ಮನೆಗಳಲ್ಲಿ ಸಣ್ಣ ಜಾತಿಯ ಕಪ್ಪು ನಾಡಹಂದಿ ಇರುತ್ತಿತ್ತು. ಕಸಕಡ್ಡಿ ತಿಂದು ಬೆಳೆಯುವ ಆ ಹಂದಿಯೇ ಬಡವನ ಬ್ಯಾಂಕು. ಮಗನ ಶಾಲಾ ಶುಲ್ಕಕ್ಕೆ, ಮಗಳ ಮದುವೆಗೆ, ಮನೆಯ ಕಾಯಿಲೆಗೆ ಅದನ್ನು ಮಾರುತ್ತಿದ್ದರು. 1970ರ ದಶಕದ ಕೊನೆಗೆ ಆಫ್ರಿಕನ್ ಹಂದಿಜ್ವರ ಆ ದ್ವೀಪಕ್ಕೆ ಬಂತು. ರೋಗ ಹರಡಬಾರದೆಂದು ಅಮೆರಿಕದ ನೆರವಿನ ಯೋಜನೆಯೊಂದರಲ್ಲಿ 1980ರ ದಶಕದ ಮೊದಲ ವರ್ಷಗಳಲ್ಲಿ ದೇಶದ ಬಹುತೇಕ ಎಲ್ಲ ನಾಡಹಂದಿಗಳನ್ನು ಕೊಂದರು. ಬದಲಿಗೆ ಬಂದ ಅಮೆರಿಕದ ಹಂದಿಗಳಿಗೆ ಸಿಮೆಂಟು ನೆಲ, ಕೊಂಡು ತರುವ ಆಹಾರ, ಶುದ್ಧ ನೀರು ಬೇಕಾಗಿತ್ತು. 'ನಾಲ್ಕು ಕಾಲಿನ ರಾಜಕುಮಾರರು' ಎಂದು ಜನ ಅವುಗಳನ್ನು ಗೇಲಿ ಮಾಡಿದರು. ಉಳಿತಾಯ ಹೋದ ಮೇಲೆ ತುರ್ತಿಗೆ ಮಾರಲು ರೈತನ ಕೈಯಲ್ಲಿ ಉಳಿದದ್ದು ಗುಡ್ಡದ ಮರ.

ಅಕ್ಕಿಯ ಕಥೆಯೂ ಹೀಗೆಯೇ. ಆರ್ಟಿಬೊನೀತ್ ನದಿಯ ಕಣಿವೆ ಹೈಟಿಯ ಭತ್ತದ ಕಣಜ. ವಿದೇಶೀ ಒತ್ತಡದಿಂದ 1995ರಲ್ಲಿ ಅಕ್ಕಿಯ ಆಮದು ಸುಂಕವನ್ನು ಶೇಕಡಾ 3ಕ್ಕೆ ಇಳಿಸಲಾಯಿತು. ಅಮೆರಿಕದ ಸರ್ಕಾರಿ ಸಹಾಯಧನದ ಅಗ್ಗದ ಅಕ್ಕಿ ಬಂದು ಬಿತ್ತು. ಊರಿನ ಅಕ್ಕಿಗೆ ಬೆಲೆ ಇಲ್ಲವಾಯಿತು. ಆಗ ಅಮೆರಿಕದ ಅಧ್ಯಕ್ಷರಾಗಿದ್ದ ಬಿಲ್ ಕ್ಲಿಂಟನ್ ಅವರು 2010ರ ಮಾರ್ಚ್‌ನಲ್ಲಿ ತಮ್ಮ ದೇಶದ ಸೆನೆಟ್ ಸಮಿತಿಯ ಮುಂದೆ ಅದು ತಪ್ಪಾಗಿತ್ತೆಂದು ಒಪ್ಪಿಕೊಂಡರು. ಅಷ್ಟು ಹೊತ್ತಿಗೆ ಅನೇಕ ರೈತರು ಗದ್ದೆ ಬಿಟ್ಟು ರಾಜಧಾನಿಯ ಕೊಳೆಗೇರಿ ಸೇರಿದ್ದರು.

ಇಲ್ಲಿ ಒಂದು ಮಾತು ಹೇಳಬೇಕು. ಹೈಟಿಯಲ್ಲಿ ಉಳಿದ ಕಾಡು ಶೇಕಡಾ 2 ಮಾತ್ರ ಎಂದು ಪುಸ್ತಕಗಳು ಬಹುಕಾಲ ಬರೆದವು. ಇತ್ತೀಚಿನ ಉಪಗ್ರಹ ಚಿತ್ರಗಳ ಅಧ್ಯಯನಗಳು ಅದಕ್ಕಿಂತ ಎಷ್ಟೋ ಹೆಚ್ಚು ಮರಗಳನ್ನು ಕಂಡಿವೆ. ಅವುಗಳಲ್ಲಿ ದೊಡ್ಡ ಪಾಲು ರೈತರು ಮನೆಯ ಹಿತ್ತಲಲ್ಲಿ ಉಳಿಸಿ ಬೆಳೆಸಿದ ಮಾವು, ಬೆಣ್ಣೆಹಣ್ಣು, ದೀವಿಹಲಸು. ನಮ್ಮ ಕಡೆ ಜೀಗುಜ್ಜೆ ಎಂದು ಪಲ್ಯ ಮಾಡುವ ದೀವಿಹಲಸು ಅಲ್ಲಿ ಬಡವರ ಮುಖ್ಯ ಆಹಾರ. ತಿನ್ನಲು ಕಾಯಿ ಕೊಡುವ ಮರವನ್ನು ಇದ್ದಿಲಿಗೆ ಕಡಿಯಲು ಸುಲಭವಾಗಿ ಮನಸ್ಸು ಬರುವುದಿಲ್ಲ. ಗುಡ್ಡ ಉಳಿಸಲು ಭಾಷಣಕ್ಕಿಂತ ಹಣ್ಣಿನ ಗಿಡ ಹೆಚ್ಚು ಕೆಲಸ ಮಾಡುತ್ತದೆ.

ಲಾವಂಚ: ಕಾಯುವ ಬೇರು, ಕೀಳುವ ಬೇರು

ಹೈಟಿಯ ದಕ್ಷಿಣದಲ್ಲಿ ಲೆ ಕೇ ಎಂಬ ಊರಿನ ಸುತ್ತ ಸಾವಿರಾರು ರೈತರು ಬೆಳೆಯುವುದು ನಮ್ಮ ಲಾವಂಚವನ್ನು. ಇದು ನಮ್ಮ ನೆಲದ ಹುಲ್ಲು. 'ವೆಟಿವರ್' ಎಂಬ ಅದರ ವಿದೇಶೀ ಹೆಸರೂ ಅಗೆದು ತೆಗೆಯುವ ಬೇರು ಎಂಬರ್ಥದ ತಮಿಳು ಮಾತಿನಿಂದಲೇ ಹೋದದ್ದು. ಜಗತ್ತಿನ ಸುಗಂಧ ದ್ರವ್ಯಗಳಿಗೆ ಬೇಕಾದ ಲಾವಂಚದ ಎಣ್ಣೆಯಲ್ಲಿ ದೊಡ್ಡ ಪಾಲು ಹೈಟಿಯಿಂದ ಬರುತ್ತದೆ.

ಲಾವಂಚದ ಬೇರು ಅಡ್ಡ ಹರಡದೆ ನೆಟ್ಟಗೆ ಆಳಕ್ಕೆ ಇಳಿಯುತ್ತದೆ. ಇಳಿಜಾರಿಗೆ ಅಡ್ಡವಾಗಿ, ಒತ್ತಾಗಿ ಒಂದು ಸಾಲು ನೆಟ್ಟರೆ ನೀರಿನ ಓಟ ನಿಧಾನವಾಗಿ, ಹೊತ್ತು ತಂದ ಮಣ್ಣು ಸಾಲಿನ ಹಿಂದೆ ನಿಂತು, ಕೆಲವು ವರ್ಷಗಳಲ್ಲಿ ತಾನಾಗಿಯೇ ಒಂದು ಮೆಟ್ಟಿಲು ಏಳುತ್ತದೆ. ವಯನಾಡು ಮತ್ತು ತಾಳವಾಡಿಯ ಓದುಗರಿಗೆ ಹತ್ತಿರದ ಗುಂಡ್ಲುಪೇಟೆ ಕಡೆಯ ರೈತರು ಹೊಲದ ಬದುವಿಗೆ ಲಾವಂಚ ನೆಡುತ್ತಿದ್ದದ್ದು ಬಹಳ ಹಿಂದಿನ ರೂಢಿ.

ಆದರೆ ಹೈಟಿಯಲ್ಲಿ ಎಣ್ಣೆ ಇರುವುದು ಬೇರಿನಲ್ಲಿ. ಬೇರು ಬೇಕಾದರೆ ಮಣ್ಣು ಅಗೆಯಬೇಕು. ಕಡಿದಾದ ಇಳಿಜಾರಿನಲ್ಲಿ ಇಡೀ ಹೊಲವನ್ನು ಕಿತ್ತು ಬಿಟ್ಟ ಮೇಲೆ ಮಳೆ ಬಂದರೆ ಸಡಿಲವಾದ ಮಣ್ಣೆಲ್ಲ ಸಮುದ್ರದ ಪಾಲು. ಗುಡ್ಡವನ್ನು ಕಾಯಬೇಕಾದ ಹುಲ್ಲೇ ಗುಡ್ಡವನ್ನು ಇಳಿಸುತ್ತದೆ. ಬೆಳೆ ಒಳ್ಳೆಯದು ಎಂದರೆ ಸಾಲದು. ಎಲ್ಲಿ ನೆಡುತ್ತೇವೆ, ಹೇಗೆ ಕೀಳುತ್ತೇವೆ ಎಂಬುದನ್ನೂ ನೋಡಬೇಕು.

ಪಕ್ಕದ ಕ್ಯೂಬಾ ಏನು ಮಾಡಿತು?

2008ರ ಆಗಸ್ಟ್-ಸೆಪ್ಟೆಂಬರಿನಲ್ಲಿ ಒಂದು ತಿಂಗಳೊಳಗೆ ನಾಲ್ಕು ಬಿರುಗಾಳಿಗಳು ಹೈಟಿಯನ್ನು ಬಡಿದು ಸುಮಾರು 800 ಜನರನ್ನು ಕೊಂದವು. ಗೊನಾಯೀವ್ ಮತ್ತೆ ಮುಳುಗಿತು. ಅವುಗಳಲ್ಲಿ ಒಂದು 'ಗುಸ್ತಾವ್'. ಹೈಟಿಯಲ್ಲಿ ಎಪ್ಪತ್ತಕ್ಕೂ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡು ಅದು ಮತ್ತಷ್ಟು ಬಲಿತು ಕ್ಯೂಬಾದ ಪಶ್ಚಿಮ ತುದಿಗೆ ಅಪ್ಪಳಿಸಿತು. ಅಲ್ಲಿ ಗಂಟೆಗೆ 340 ಕಿಲೋಮೀಟರ್ ವೇಗದ ಗಾಳಿ ದಾಖಲಾಯಿತು. ಮನೆಗಳ ಮಾಡು ಹಾರಿಹೋದವು, ತೋಟಗಳು ನೆಲಸಮವಾದವು. ಆದರೆ ಕ್ಯೂಬಾದಲ್ಲಿ ಒಬ್ಬರೂ ಸಾಯಲಿಲ್ಲ.

ಕ್ಯೂಬಾ ಶ್ರೀಮಂತ ದೇಶವಲ್ಲ. ಅಲ್ಲಿಯ ಆಡಳಿತದ ಬಗ್ಗೆ ಭಿನ್ನಾಭಿಪ್ರಾಯಗಳಿವೆ. ಅದು ಬೇರೆ ಚರ್ಚೆ. ಈ ಒಂದು ವಿಷಯದಲ್ಲಿ ಮಾತ್ರ ಅವರಿಂದ ಕಲಿಯಬೇಕು. ಪ್ರತಿ ವರ್ಷ ಬಿರುಗಾಳಿ ಕಾಲಕ್ಕೆ ಮುಂಚೆ, ಮೇ ತಿಂಗಳಲ್ಲಿ, ದೇಶವಿಡೀ 'ಮೆಟಿಯೊರೊ' ಎಂಬ ತಾಲೀಮು ನಡೆಯುತ್ತದೆ. ಪ್ರತಿ ಕೇರಿಯಲ್ಲಿ ಯಾರು ವೃದ್ಧರು, ಯಾರು ಗರ್ಭಿಣಿ, ಯಾರು ಹಾಸಿಗೆ ಹಿಡಿದವರು ಎಂಬ ಪಟ್ಟಿ ಇರುತ್ತದೆ. ಯಾರ ಮನೆ ಗಟ್ಟಿ, ಅಲ್ಲಿಗೆ ಯಾರು ಹೋಗಬೇಕು ಎಂಬುದು ಮೊದಲೇ ನಿಶ್ಚಯವಾಗಿರುತ್ತದೆ. ಸ್ಥಳಾಂತರವಾಗುವವರಲ್ಲಿ ಹೆಚ್ಚಿನವರು ಸರ್ಕಾರಿ ಶಿಬಿರಕ್ಕಲ್ಲ, ನೆಂಟರ ಅಥವಾ ನೆರೆಯವರ ಗಟ್ಟಿಮನೆಗೆ ಹೋಗುತ್ತಾರೆ. ದನಕರುಗಳನ್ನೂ ಎತ್ತರದ ಜಾಗಕ್ಕೆ ಸಾಗಿಸುತ್ತಾರೆ. ತನ್ನ ಹಸು ಸುರಕ್ಷಿತ ಎಂದು ಗೊತ್ತಾಗದೆ ಯಾವ ರೈತನೂ ಮನೆ ಬಿಟ್ಟು ಏಳುವುದಿಲ್ಲ ಎಂಬುದು ಅವರಿಗೆ ಗೊತ್ತು.

'ಗುಡುಗುಡು'

2010ರ ಜನವರಿ 12ರ ಸಂಜೆ 4 ಗಂಟೆ 53 ನಿಮಿಷಕ್ಕೆ ಹೈಟಿಯ ನೆಲ ಅರ್ಧ ನಿಮಿಷದಷ್ಟು ಹೊತ್ತು ನಡುಗಿತು. ಕಂಪನದ ಪ್ರಮಾಣ 7.0, ಕೇಂದ್ರ ರಾಜಧಾನಿ ಪೋರ್ಟ್-ಓ-ಪ್ರಿನ್ಸ್‌ನಿಂದ ಕೇವಲ 25 ಕಿಲೋಮೀಟರ್ ದೂರದ ಲಿಯೊಗಾನ್ ಬಳಿ. ನೆಲದಡಿಯಿಂದ ಬಂದ ಸದ್ದನ್ನೇ ಹಿಡಿದು ಜನ ಆ ಭೂಕಂಪವನ್ನು 'ಗುಡುಗುಡು' ಎಂದು ಕರೆದರು. ನಮ್ಮ ಕಿವಿಗೂ ಹಾಗೆಯೇ ಕೇಳಿಸುವ ಹೆಸರು.

ಅಧ್ಯಕ್ಷರ ಅರಮನೆ, ಸಂಸತ್ತು, ನರ್ಸಿಂಗ್ ಶಾಲೆ, ವಿಶ್ವಸಂಸ್ಥೆಯ ಕಚೇರಿ ಎಲ್ಲ ಕುಸಿದವು. ಪ್ರಧಾನಾಲಯದ ಮಾಡು ಬಿತ್ತು. ಮಹಾಧರ್ಮಾಧ್ಯಕ್ಷ ಜೋಸೆಫ್ ಸೆರ್ಜ್ ಮಿಯೊ ಅವರೂ ಮೃತರಾದರು. ಸತ್ತವರು 3 ಲಕ್ಷಕ್ಕೂ ಹೆಚ್ಚು ಎಂದು ಸರ್ಕಾರ ಹೇಳಿತು. ಬೇರೆ ಅಂದಾಜುಗಳು ಒಂದು ಲಕ್ಷದವರೆಗೂ ಇಳಿಯುತ್ತವೆ. ಹೆಣಗಳನ್ನು ಎಣಿಸುವವರೂ ಉಳಿದಿರಲಿಲ್ಲ. ಸುಮಾರು 15 ಲಕ್ಷ ಜನ ಮನೆ ಕಳೆದುಕೊಂಡರು.

ಒಂದೂವರೆ ತಿಂಗಳ ನಂತರ, ಫೆಬ್ರವರಿ 27ರಂದು, ಚಿಲಿ ದೇಶದಲ್ಲಿ 8.8 ಪ್ರಮಾಣದ ಭೂಕಂಪವಾಯಿತು. ಅದರ ಶಕ್ತಿ ಹೈಟಿಯದರ ನೂರಾರು ಪಟ್ಟು. ಅಲ್ಲಿ ಸತ್ತವರು ಸುಮಾರು 525. ಚಿಲಿಯ ಕಂಪನ ದೊಡ್ಡ ಊರುಗಳಿಂದ ದೂರವಿತ್ತು ಎಂಬುದು ನಿಜ. ಆದರೆ ಮುಖ್ಯ ಕಾರಣ ಬೇರೆ: ಭೂಕಂಪಕ್ಕೆ ತಡೆಯುವಂತೆ ಮನೆ ಕಟ್ಟಬೇಕೆಂಬ ನಿಯಮ ಚಿಲಿಯಲ್ಲಿತ್ತು, ಅದನ್ನು ಪಾಲಿಸುತ್ತಿದ್ದರು.

ಹೈಟಿಗೆ ಈ ಅಪಾಯ ಗೊತ್ತೇ ಇರಲಿಲ್ಲವೆ? ಗೊತ್ತಿತ್ತು, ಮರೆತಿತ್ತು. 1751ರಲ್ಲಿ ಮತ್ತು 1770ರಲ್ಲಿ ಪೋರ್ಟ್-ಓ-ಪ್ರಿನ್ಸ್ ಭೂಕಂಪದಿಂದ ನೆಲಸಮವಾಗಿತ್ತು. 1770ರ ನಂತರ ಫ್ರೆಂಚ್ ಅಧಿಕಾರಿಗಳು ಕಲ್ಲುಗಾರೆಯ ಮನೆ ಕಟ್ಟುವುದನ್ನೇ ನಿಷೇಧಿಸಿ ಮರದ ಮನೆ ಕಟ್ಟಿರೆಂದು ಆಜ್ಞೆ ಮಾಡಿದ್ದರು. ಮರದ ಊರಿಗೆ ಬೆಂಕಿಯ ಭಯ. 1925ರಲ್ಲಿ ಬೆಂಕಿ ತಡೆಯಲು ರಾಜಧಾನಿಯಲ್ಲಿ ಮರದ ಮನೆ ಬೇಡವೆಂದು ನಿಯಮ ಮಾಡಿದರು. ಚಂಡಮಾರುತಕ್ಕೆ ಹಾರದಿರಲೆಂದು ತಗಡಿನ ಬದಲು ದಪ್ಪ ಕಾಂಕ್ರೀಟ್ ಮಾಡು ಹಾಕತೊಡಗಿದರು. ಗಾಳಿಗೆ ನಿಂತ ಆ ಮಾಡೇ ನೆಲ ನಡುಗಿದಾಗ ಕೆಳಗಿದ್ದವರ ಮೇಲೆ ಬಿತ್ತು. ಕಂಬಗಳು ಸಣಕಲು, ಕಬ್ಬಿಣದ ಸರಳು ಸಾಲದು, ಸಿಮೆಂಟು ಕಡಿಮೆ, ತೊಳೆಯದ ಮರಳು. ನಗರದಲ್ಲಿ ಉಳಿದಿದ್ದ ನೂರು ವರ್ಷ ಹಳೆಯ ಮರದ ಚೌಕಟ್ಟಿನ ಮನೆಗಳು ಮಾತ್ರ ಹೊಸ ಕಟ್ಟಡಗಳಿಗಿಂತ ಚೆನ್ನಾಗಿ ತಾಳಿಕೊಂಡವು.

2008ರಲ್ಲಿ ಭೂವಿಜ್ಞಾನಿಗಳ ತಂಡವೊಂದು ಅದೇ ಬಿರುಕಿನಲ್ಲಿ 7.2 ಪ್ರಮಾಣದ ಭೂಕಂಪ ಆಗಬಹುದೆಂದು ಎಚ್ಚರಿಸಿತ್ತು. ಅದೇ ವರ್ಷದ ನವೆಂಬರಿನಲ್ಲಿ ರಾಜಧಾನಿಯ ಪಕ್ಕದ ಪೆಸಿಯೊನ್‌ವಿಲ್‌ನಲ್ಲಿ ಒಂದು ಶಾಲೆ ನೆಲ ಅಲುಗದೆಯೇ ಪಾಠದ ಹೊತ್ತಿನಲ್ಲಿ ಕುಸಿದು ತೊಂಬತ್ತರಷ್ಟು ಜೀವಗಳು ಹೋದವು. ನೆಲ ಸುಮ್ಮನಿದ್ದಾಗಲೇ ಬೀಳುವ ಕಟ್ಟಡ ನೆಲ ನಡುಗಿದಾಗ ನಿಲ್ಲುವುದುಂಟೆ?

ಸೊಲ್ಲಾಪುರ, ಅಕ್ಕಲಕೋಟೆಯ ಹಿರಿಯರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಕಿಲ್ಲಾರಿಯಲ್ಲಿ ಸಾವಿರಾರು ಜನರನ್ನು ಕೊಂದದ್ದು ಮಣ್ಣಿನ ಗಾರೆಯಲ್ಲಿ ಜೋಡಿಸಿದ ದಪ್ಪ ಕಲ್ಲಿನ ಗೋಡೆಗಳು ಮತ್ತು ಮಣ್ಣು ಹೊತ್ತ ಭಾರದ ಮಾಳಿಗೆಗಳು.

ನೀರಿನಲ್ಲಿ ಬಂದ ಸಾವು

ಭೂಕಂಪವಾಗಿ ಒಂಬತ್ತು ತಿಂಗಳಿಗೆ, 2010ರ ಅಕ್ಟೋಬರಿನಲ್ಲಿ, ಆರ್ಟಿಬೊನೀತ್ ನದಿಯ ದಡದ ಹಳ್ಳಿಗಳಲ್ಲಿ ಜನ ವಾಂತಿಭೇದಿಯಿಂದ ಸಾಯತೊಡಗಿದರು. ಕಾಲರಾ. ಹೈಟಿಯಲ್ಲಿ ನೂರು ವರ್ಷಗಳಿಂದ ಯಾರೂ ಕಾಣದ ರೋಗ. ಮಿರ್ಬಲೇ ಎಂಬ ಊರಿನ ಬಳಿ ವಿಶ್ವಸಂಸ್ಥೆಯ ಶಾಂತಿಪಾಲನಾ ಪಡೆಯ ಶಿಬಿರವಿತ್ತು. ಅಲ್ಲಿಯ ಮಲಮೂತ್ರದ ಕೊಳಚೆ ನದಿಯ ಉಪನದಿಗೆ ಸೇರಿ ರೋಗಾಣು ಹರಡಿತೆಂದು ತಜ್ಞರು ತೋರಿಸಿಕೊಟ್ಟರು. ಸಹಾಯಕ್ಕೆ ಬಂದವರಿಂದಲೇ ಬಂದ ರೋಗ! ಅದರಲ್ಲಿ 8 ಲಕ್ಷಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು, ಸುಮಾರು ಹತ್ತು ಸಾವಿರ ಜನ ಸತ್ತರು. ಮಹಾಕಾರ್ಯದರ್ಶಿ ಬಾನ್ ಕಿ-ಮೂನ್ ಅವರು ಹೈಟಿಯ ಜನರ ಕ್ಷಮೆ ಕೇಳಿದ್ದು 2016ರ ಡಿಸೆಂಬರಿನಲ್ಲಿ.

ಮೊದಲ ವಾರಗಳಲ್ಲಿ ರಾಜಧಾನಿಯ ಡೇರೆಗಳಲ್ಲಿದ್ದವರಿಗಿಂತ ನದಿದಡದ ಹಳ್ಳಿಗರಿಗೆ ರೋಗ ಹೆಚ್ಚು ಬಡಿಯಿತು. ಡೇರೆಗಳಿಗೆ ಶುದ್ಧೀಕರಿಸಿದ ನೀರು ಬರುತ್ತಿತ್ತು. ಹಳ್ಳಿಗರಿಗೆ ಕುಡಿಯಲು, ತೊಳೆಯಲು, ಗದ್ದೆಗೆ ಎಲ್ಲಕ್ಕೂ ಒಂದೇ ನದಿ. ಭತ್ತದ ರೈತರು ಕಾಲುವೆಗೆ ಕಾಲಿಡಲು ಹೆದರಿದರು.

ಕಾಲರಾ ಕೊಲ್ಲುವುದು ದೇಹದ ನೀರನ್ನೂ ಉಪ್ಪನ್ನೂ ಹೊರಹಾಕಿ. ಚಿಕಿತ್ಸೆ ಸಿಗದಿದ್ದರೆ ಕೆಲವೇ ಗಂಟೆಗಳಲ್ಲಿ ಪ್ರಾಣ ಹೋಗಬಹುದು. ಹೊತ್ತಿಗೆ ಸರಿಯಾಗಿ ನೀರು, ಉಪ್ಪು, ಸಕ್ಕರೆ ಒಳಗೆ ಹೋದರೆ ನೂರಕ್ಕೆ ತೊಂಬತ್ತೊಂಬತ್ತು ಮಂದಿ ಬದುಕುತ್ತಾರೆ. ಕರುಳಿನಲ್ಲಿ ಸಕ್ಕರೆಯು ಉಪ್ಪನ್ನು ಜೊತೆಗೆ ಕರೆದುಕೊಂಡು ಒಳಗೆ ಹೋಗುತ್ತದೆ, ಉಪ್ಪಿನ ಹಿಂದೆ ನೀರು ಹೋಗುತ್ತದೆ. ದೊಡ್ಡ ಪ್ರಮಾಣದಲ್ಲಿ ಇದು ಮೊದಲು ಸಾಬೀತಾದದ್ದು ನಮ್ಮ ದೇಶದಲ್ಲೇ. 1971ರಲ್ಲಿ ಬಾಂಗ್ಲಾ ನಿರಾಶ್ರಿತರಿದ್ದ ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಸಲೈನ್ ಬಾಟಲಿ ಮುಗಿದಾಗ ಡಾ. ದಿಲೀಪ್ ಮಹಾಲನಬಿಸ್ ಅವರು ಡ್ರಮ್ಮುಗಳಲ್ಲಿ ಉಪ್ಪು-ಸಕ್ಕರೆ ನೀರು ಕಲಸಿ, ರೋಗಿಯ ಮನೆಯವರ ಕೈಯಿಂದಲೇ ಕುಡಿಸಿದರು. ನೂರರಲ್ಲಿ ಸುಮಾರು ಮೂವತ್ತಿದ್ದ ಸಾವು ನಾಲ್ಕಕ್ಕೂ ಕೆಳಗೆ ಇಳಿಯಿತು. ಹೈಟಿಯ ಸಾವಿರಾರು ತಾಯಂದಿರ ಕೈಯಲ್ಲಿ ಮಕ್ಕಳನ್ನು ಉಳಿಸಿದ್ದು ಇದೇ ಲೋಟ.

2022ರ ಫೆಬ್ರವರಿಯಲ್ಲಿ ಕಾಲರಾ ತೊಲಗಿತೆಂದು ಹೈಟಿ ಸಂತೋಷಪಟ್ಟಿತು. ಅದೇ ವರ್ಷದ ಅಕ್ಟೋಬರಿನಲ್ಲಿ ಮತ್ತೆ ಬಂತು. ಶುದ್ಧ ನೀರು, ಶೌಚಾಲಯದ ಕೆಲಸ ಅರ್ಧಕ್ಕೇ ನಿಂತಿತ್ತು.

ಬಿತ್ತನೆ ಬೀಜ ತಿಂದ ಮನೆಗಳು

ಟಿ.ವಿ.ಯಲ್ಲಿ ಕಾಣದ ಇನ್ನೊಂದು ಸಂಗತಿ ಇದೆ. ಭೂಕಂಪದ ನಂತರ ಸುಮಾರು 6 ಲಕ್ಷ ಜನ ರಾಜಧಾನಿ ಬಿಟ್ಟು ಹಳ್ಳಿಗಳ ನೆಂಟರ ಮನೆಗೆ ಹೋದರು. ಐದು ಜನರ ಮನೆಯಲ್ಲಿ ಹತ್ತು ಜನ. ಹಳ್ಳಿಯ ಬಡವರು ಯಾರನ್ನೂ ಬಾಗಿಲಿನಿಂದ ಹಿಂದಕ್ಕೆ ಕಳಿಸಲಿಲ್ಲ. ಮುಂದಿನ ಬಿತ್ತನೆಗೆ ಇಟ್ಟಿದ್ದ ಜೋಳ, ಅವರೆಯ ಬೀಜವನ್ನೇ ಬೇಯಿಸಿ ಬಡಿಸಿದರು. ಕೋಳಿ, ಆಡು ಮಾರಿದರು. ವಿದೇಶದಿಂದ ಬಂದ ನೆರವನ್ನೆಲ್ಲ ಲೆಕ್ಕ ಇಟ್ಟವರುಂಟು. ಈ ನೆರವನ್ನು ಯಾರೂ ಲೆಕ್ಕ ಇಡಲಿಲ್ಲ.

ಅದೇ ವರ್ಷ ಒಂದು ದೊಡ್ಡ ವಿದೇಶೀ ಬೀಜ ಕಂಪನಿ ನೂರಾರು ಟನ್ ಹೈಬ್ರಿಡ್ ಬೀಜವನ್ನು ಉಚಿತವಾಗಿ ಕೊಡಲು ಮುಂದೆ ಬಂದಾಗ ಮಧ್ಯ ಹೈಟಿಯ ರೈತ ಸಂಘದವರು ಬೇಡವೆಂದು ಮೆರವಣಿಗೆ ಮಾಡಿದರು. ಮರುವರ್ಷಕ್ಕೆ ಎತ್ತಿಡಲಾಗದ ಬೀಜ ತಮಗೆ ಆಸರೆಯಲ್ಲ ಎಂಬುದು ಅವರ ವಾದ. ಒಪ್ಪುವುದು ಬಿಡುವುದು ಬೇರೆ ಮಾತು. ವಿಪತ್ತಿನ ನಂತರವೂ ನಾಳೆಯ ಬಿತ್ತನೆಯನ್ನು ಯೋಚಿಸಿದ ರೈತರು ಅವರು.

ಹೈಟಿಯ ಹಳ್ಳಿಗಳಲ್ಲಿ 'ಕೋಂಬಿತ್' ಎಂಬ ಹಳೆಯ ಪದ್ಧತಿಯಿದೆ. ಇಂದು ನನ್ನ ಹೊಲಕ್ಕೆ ಊರವರೆಲ್ಲ, ನಾಳೆ ನಿನ್ನ ಹೊಲಕ್ಕೆ ನಾವೆಲ್ಲ. ನಮ್ಮ ಮುಯ್ಯಾಳು ಅಲ್ಲದೆ ಇದು ಬೇರೇನಲ್ಲ. ಗುಡ್ಡಕ್ಕೆ ಕಲ್ಲಿನ ತಡೆ ಕಟ್ಟುವುದು, ಗಿಡ ನೆಡುವುದು, ಬಿದ್ದ ಮನೆಯ ಅವಶೇಷ ಎತ್ತುವುದು ಎಷ್ಟೋ ಕಡೆ ನಡೆದದ್ದು ಇದರ ಬಲದಿಂದ. ಭೂಕಂಪದ ಮೊದಲ ರಾತ್ರಿ ಕಲ್ಲಿನಡಿಯಿಂದ ಜನರನ್ನು ಎಳೆದು ತೆಗೆದವರು ವಿಮಾನದಲ್ಲಿ ಬಂದ ತಂಡಗಳಲ್ಲ, ಬರಿಗೈಯ ನೆರೆಹೊರೆಯವರು.

ಆಮೇಲೆ?

2012ರಲ್ಲಿ ಹೈಟಿಗೆ ರಾಷ್ಟ್ರೀಯ ಕಟ್ಟಡ ಸಂಹಿತೆ ಬಂತು. ಎಂಜಿನಿಯರುಗಳು ಸುಮಾರು 4 ಲಕ್ಷ ಕಟ್ಟಡಗಳನ್ನು ನೋಡಿ ಹಸಿರು, ಹಳದಿ, ಕೆಂಪು ಗುರುತು ಹಾಕಿದ್ದರು. ಕೆಲವು ಕಡೆ ಹಳ್ಳಿಯ ಮರದ ಚೌಕಟ್ಟಿನ ಮನೆಯ ಪದ್ಧತಿಯನ್ನೇ ಬಲಪಡಿಸಿ ಹೊಸ ಮನೆ ಕಟ್ಟಿದರು. ಊರೂರಿನಲ್ಲಿ ನಾಗರಿಕ ರಕ್ಷಣೆಯ ಸ್ವಯಂಸೇವಕರು ತಯಾರಾದರು.

2016ರ ಅಕ್ಟೋಬರ್ 4ರಂದು 'ಮ್ಯಾಥ್ಯೂ' ಚಂಡಮಾರುತ ನೈಋತ್ಯ ತುದಿಗೆ ಅಪ್ಪಳಿಸುವ ಮುಂಚೆ ಇವರು ಧ್ವನಿವರ್ಧಕ ಹಿಡಿದು ಊರೂರು ತಿರುಗಿದರು. ಆದರೂ ಅನೇಕರು ಮನೆ, ಆಡು, ಕೋಳಿ ಬಿಟ್ಟು ಬರಲು ಒಪ್ಪಲಿಲ್ಲ. ಐನೂರಕ್ಕೂ ಹೆಚ್ಚು ಮಂದಿ ಸತ್ತರು. ಮುನ್ಸೂಚನೆ ಇತ್ತು, ಹೋಗಲು ಗಟ್ಟಿಯಾದ ಜಾಗ, ಬಿಟ್ಟುಹೋದದ್ದು ಉಳಿಯುತ್ತದೆಂಬ ಭರವಸೆ ಇರಲಿಲ್ಲ.

2021ರ ಆಗಸ್ಟ್ 14ರಂದು ಅದೇ ದಕ್ಷಿಣ ಭಾಗದಲ್ಲಿ 7.2 ಪ್ರಮಾಣದ ಭೂಕಂಪ. ಲೆಜಾಂಗ್ಲೆ ಎಂಬ ಊರಿನ ದೇವಾಲಯದಲ್ಲಿ ಮಕ್ಕಳ ಜ್ಞಾನಸ್ನಾನ ನಡೆಯುತ್ತಿದ್ದಾಗ ಕಟ್ಟಡ ಕುಸಿದು 17 ಮಂದಿ ಸತ್ತರು. ಒಟ್ಟು 2,200ಕ್ಕೂ ಹೆಚ್ಚು ಸಾವು. ಎರಡೇ ದಿನಕ್ಕೆ ಬಿರುಗಾಳಿಯ ಮಳೆ. ರಾಜಧಾನಿಯಿಂದ ದಕ್ಷಿಣಕ್ಕೆ ಹೋಗುವ ರಸ್ತೆ ಸಶಸ್ತ್ರ ಗುಂಪುಗಳ ಹಿಡಿತದಲ್ಲಿದ್ದುದರಿಂದ ನೆರವು ತಡವಾಯಿತು. ಆ ಗುಂಪುಗಳ ಹಿಂಸೆಯಿಂದ 2025ರ ಹೊತ್ತಿಗೆ 13 ಲಕ್ಷಕ್ಕೂ ಹೆಚ್ಚು ಜನ ಮನೆ ಬಿಟ್ಟಿದ್ದರು. ಅದೇ ವರ್ಷದ ಅಕ್ಟೋಬರಿನಲ್ಲಿ 'ಮೆಲಿಸ್ಸಾ' ಚಂಡಮಾರುತ ಹೈಟಿಗೆ ನೇರವಾಗಿ ತಾಗದಿದ್ದರೂ ಪೆಟಿ-ಗೊಆವ್‌ನಲ್ಲಿ ಹೊಳೆ ಉಕ್ಕಿ 20ಕ್ಕೂ ಹೆಚ್ಚು ಮಂದಿ ಕೊಚ್ಚಿಹೋದರು. ನೆಮ್ಮದಿಯಿಲ್ಲದ ನಾಡಿನಲ್ಲಿ ಮುಂಜಾಗ್ರತೆಗೂ ನೆಲೆಯಿರುವುದಿಲ್ಲ.

ನಾವು ಮನೆಯಲ್ಲಿ ಮಾಡಬೇಕಾದದ್ದು

ಹೈಟಿಯ ಪ್ರತಿಯೊಂದು ಸಾವಿನ ಹಿಂದೆ ಮುಂಚೆಯೇ ಮಾಡಬಹುದಾಗಿದ್ದ ಒಂದು ಸಣ್ಣ ಕೆಲಸವಿತ್ತು. ಅವುಗಳನ್ನು ಪಟ್ಟಿ ಮಾಡಿದ್ದೇವೆ. ಕತ್ತರಿಸಿ ಅಡುಗೆಮನೆಯಲ್ಲಿ ಅಂಟಿಸಿಕೊಳ್ಳಿ.

1. ಇಳಿಜಾರಿನ ತೋಟವನ್ನು ಒಮ್ಮೆಲೇ ಬೋಳು ಮಾಡಬೇಡಿ. ಇಳಿಜಾರಿಗೆ ಅಡ್ಡವಾಗಿ ಲಾವಂಚದ ಸಾಲು ನೆಡಿ. ಬದುವಿನ ಸಾಲಿನ ಬೇರನ್ನು ಕೀಳಬೇಡಿ. ಜೊತೆಗೆ ಹಣ್ಣಿನ ಮರವಿರಲಿ.

2. ಗುಡ್ಡದಲ್ಲಿ ಹೊಸ ಬಿರುಕು, ವಾಲಿದ ಮರ, ಇದ್ದಕ್ಕಿದ್ದಂತೆ ಕೆಂಪಾದ ಅಥವಾ ನಿಂತುಹೋದ ಒರತೆ ಕಂಡರೆ ಬೆಳಗಾಗಲೆಂದು ಕಾಯದೆ ಮನೆ ಬಿಡಿ.

3. ಮನೆ ಕಟ್ಟುವಾಗ ಬಣ್ಣದ ಖರ್ಚು ಕಡಿಮೆ ಮಾಡಿದರೂ ಕಂಬ, ತೊಲೆ, ಸರಳಿನಲ್ಲಿ ಉಳಿತಾಯ ಮಾಡಬೇಡಿ. ಉಪ್ಪುಮರಳು ಬೇಡ. ಹಳೆ ಗೋಡೆಯ ಮೇಲೆ ಕೇಳದೆ ಕಾಂಕ್ರೀಟ್ ಮಾಡು ಹೊರಿಸಬೇಡಿ.

4. ನೆರೆ ಇಳಿದ ಮೇಲೆ ಬಾವಿಯ ನೀರನ್ನು ಕುದಿಸದೆ ಕುಡಿಯಬೇಡಿ. ಬಾವಿಗೆ ಎಷ್ಟು ಬ್ಲೀಚಿಂಗ್ ಪೌಡರ್ ಹಾಕಬೇಕೆಂದು ಆರೋಗ್ಯ ಕಾರ್ಯಕರ್ತೆಯನ್ನು ಕೇಳಿ. ಶೌಚದ ಗುಂಡಿ ಬಾವಿಯಿಂದ ದೂರವಿರಲಿ.

5. ವಾಂತಿಭೇದಿಗೆ: ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಸಮ ಟೀ ಚಮಚ ಉಪ್ಪು. ಇದಕ್ಕಿಂತ ಹೆಚ್ಚು ಉಪ್ಪು ಅಪಾಯ. ಭೇದಿಯಾದಾಗಲೆಲ್ಲ ಗುಟುಕು ಗುಟುಕಾಗಿ ಕುಡಿಸುತ್ತಾ ಆಸ್ಪತ್ರೆಗೆ ಕರೆದೊಯ್ಯಿರಿ. ಒ.ಆರ್.ಎಸ್. ಪೊಟ್ಟಣ ಸಿಕ್ಕಿದರೆ ಇನ್ನೂ ಒಳ್ಳೆಯದು.

6. ಬಿತ್ತನೆ ಬೀಜ, ರೇಷನ್ ಕಾರ್ಡು, ಜಾಗದ ಕಾಗದ, ಔಷಧದ ಚೀಟಿ ನೀರು ತಾಗದ ಡಬ್ಬಿಯಲ್ಲಿ ಎತ್ತರದಲ್ಲಿರಲಿ. ಬೀಜದ ಒಂದು ಪಾಲು ಬೇರೆ ಊರಿನ ನೆಂಟರ ಮನೆಯಲ್ಲಿರಲಿ.

7. ಪ್ರತಿ ವಾರ್ಡಿನಲ್ಲಿ ಒಂಟಿ ವೃದ್ಧರು, ಹಾಸಿಗೆ ಹಿಡಿದವರು, ಗರ್ಭಿಣಿಯರ ಪಟ್ಟಿ ಮಾಡಿ. ಅವರನ್ನು ಯಾರು, ಯಾವ ಮನೆಗೆ ಕರೆದೊಯ್ಯುವುದು, ದನಕರುವನ್ನು ಯಾರು ಬಿಚ್ಚುವುದು ಎಂಬುದನ್ನು ಈಗಲೇ ನಿಶ್ಚಯಿಸಿ.

ಈ ಏಳನೆಯ ಕೆಲಸವನ್ನು ನಮ್ಮ ಧರ್ಮಕೇಂದ್ರದಲ್ಲಿ ಮಳೆಗಾಲಕ್ಕೆ ಮುಂಚೆ ಮುಗಿಸಬೇಕೆಂದು ನಮ್ಮ ಇಚ್ಛೆ. ಯಾವ ಮತದವರೆಂದು ನೋಡದೆ ಕೇರಿಯ ಎಲ್ಲರ ಹೆಸರೂ ಅದರಲ್ಲಿರಲಿ. ನೋಟ್ ಪುಸ್ತಕವೊಂದನ್ನು ಪೂಜೆಯ ನಂತರ ಹಿಂದಿನ ಬಾಗಿಲ ಬಳಿಯ ಮೇಜಿನ ಮೇಲೆ ಇಡುತ್ತೇವೆ.

ಮೆಟ್ಟಿಲ ಬಳಿ ನಮ್ಮನ್ನು ಪ್ರಶ್ನೆ ಕೇಳಿದ ಆ ತಾಯಿ ಒಬ್ಬರೇ ಇರುವವರು. ಮನೆ ಗುಡ್ಡದ ಬುಡದಲ್ಲಿ. ಪಟ್ಟಿಯ ಮೊದಲ ಹೆಸರು ಅವರದು. ಅದರ ಎದುರು ಅವರನ್ನು ಕರೆದೊಯ್ಯುವವರ ಹೆಸರು ಬರೆಯುವ ಜಾಗ ಖಾಲಿ ಇದೆ.